ಕಂತಿನ ಲ್ಯಾಪ್‌ಟಾಪ್, ಒಳಗೇ ಸಿಮ್: ಕೊಡಗಿನ ಹಳ್ಳಿಮನೆಗೆ ಇದು ಹೊಂದುತ್ತದೆಯೇ?

ಪ್ರಶ್ನೆ: ನಮ್ಮದು ನಾಪೋಕ್ಲು ಕಡೆ ಒಂದು ಹಳ್ಳಿ, ಎರಡೂವರೆ ಎಕರೆ ಕಾಫಿ ತೋಟ. ಮಗಳು ಮಡಿಕೇರಿಯಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ), ಎಕ್ಸೆಲ್ ಕಲಿಯಬೇಕು, ಸಂಜೆ ಹೊತ್ತು ಆನ್‌ಲೈನ್ ಕೋಚಿಂಗ್ ಕೂಡ ಇದೆ. ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಎರಡೂ ಸೇರಿಸಿ ಒಂದು ಯೋಜನೆ ಹೇಳಿದರು: 2,999 ರೂ. ಮುಂಗಡ, ಆಮೇಲೆ 24 ತಿಂಗಳು 1,649 ರೂ. ಕಂತು. ಲ್ಯಾಪ್‌ಟಾಪಿನ ಒಳಗೇ ಸಿಮ್ ಹಾಕುವ ಜಾಗ ಇದೆಯಂತೆ, ತಿಂಗಳಿಗೆ 40 ಜಿಬಿ ಡೇಟಾ. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ನಮ್ಮ ಮನೆ ಅಂಗಳದಲ್ಲಿ ಫೋನ್ ಸಿಗ್ನಲ್ ಸಿಗುತ್ತದೆ, ಒಳಗೆ ಬಂದರೆ ಹೋಗುತ್ತದೆ. ಇದನ್ನು ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಬೆಲೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಪತ್ರದ ಕೊನೆಯಲ್ಲೇ ಇದೆ: ಸಿಗ್ನಲ್ ಅಂಗಳದಲ್ಲಿದೆ, ಮಗಳು ಓದುವುದು ಒಳಗೆ. ಸಿಮ್ ಲ್ಯಾಪ್‌ಟಾಪಿನೊಳಗೆ ಕೂತರೆ ಅವಳೂ ಲ್ಯಾಪ್‌ಟಾಪ್ ಹೊತ್ತು ಅಂಗಳದಲ್ಲೇ ಕೂರಬೇಕಾಗುತ್ತದೆ. ಜೂನ್ ಬಂದ ಮೇಲೆ ಅದು ಆಗುವ ಮಾತಲ್ಲ.

ಅಂಗಡಿಯವರು 'ಒಂದೇ ಯೋಜನೆ' ಎಂದು ಹೇಳುವುದು ನಿಜದಲ್ಲಿ ಏನು ಎಂಬುದನ್ನು ಮೊದಲು ನೋಡಿ. ಹೊರದೇಶಗಳಲ್ಲಿ ಮೊಬೈಲ್ ಕಂಪನಿಯೇ ಎರಡು ವರ್ಷದ ಕರಾರು ಮಾಡಿಕೊಂಡು ಲ್ಯಾಪ್‌ಟಾಪ್ ಕೊಡುವ ಪದ್ಧತಿ ಉಂಟು. ನಮ್ಮಲ್ಲಿ ಹೆಚ್ಚಿನವರು ಪ್ರೀಪೇಯ್ಡ್ ಗ್ರಾಹಕರು, ಆ ಪದ್ಧತಿ ಬೇರೂರಿಲ್ಲ. ಇಲ್ಲಿ ಸಾಮಾನ್ಯವಾಗಿ ನಿಮ್ಮ ಮುಂದೆ ಬರುವುದು ಎರಡು ಬೇರೆ ಬೇರೆ ಕಾಗದ. ಒಂದು, ಲ್ಯಾಪ್‌ಟಾಪಿಗಾಗಿ ಯಾವುದೋ ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ಸಾಲ. ಇನ್ನೊಂದು, ಮೊಬೈಲ್ ಕಂಪನಿಯ ಪೋಸ್ಟ್‌ಪೇಯ್ಡ್ ಸಂಪರ್ಕ. ಅಂಗಡಿಯವರು ಎರಡನ್ನೂ ಕೂಡಿಸಿ ಒಂದು ಮೊತ್ತ ಹೇಳುತ್ತಾರೆ, ಅಷ್ಟೆ. ನಾಳೆ ಸಿಮ್ ನಿಮ್ಮ ಮನೆಯಲ್ಲಿ ನಡೆಯಲಿಲ್ಲ ಎಂದು ಕಂತು ನಿಲ್ಲಿಸುವ ಹಾಗಿಲ್ಲ, ಏಕೆಂದರೆ ಸಾಲ ಕೊಟ್ಟವನಿಗೂ ಸಿಗ್ನಲ್ಲಿಗೂ ಸಂಬಂಧವಿಲ್ಲ. ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "1,649ರಲ್ಲಿ ಸಾಲದ ಕಂತು ಎಷ್ಟು, ಸಿಮ್ ಬಾಡಿಗೆ ಎಷ್ಟು?" ಇದಕ್ಕೆ ನೇರ ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಅವರು ಹೇಳಿದ ಅಂಕಿಯನ್ನೇ ಹಿಡಿದು ಲೆಕ್ಕ ಹಾಕೋಣ. 1,649ನ್ನು 24ರಿಂದ ಗುಣಿಸಿದರೆ 39,576 ರೂ. ಮುಂಗಡ 2,999 ಸೇರಿ 42,575 ರೂ. ಪ್ರೊಸೆಸಿಂಗ್ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಇದ್ದರೆ ಅದು ಬೇರೆ. ಇಂಥ ಲ್ಯಾಪ್‌ಟಾಪಿಗೆ ಬಿಡಿಯಾಗಿ 18,000 ರೂ. ಎಂದು ಧಾರಾಳವಾಗಿಯೇ ಹಿಡಿಯಿರಿ. ಉಳಿದದ್ದು 24,575 ರೂ., ಅಂದರೆ ತಿಂಗಳಿಗೆ ಸುಮಾರು 1,024 ರೂ. ಅದೂ 40 ಜಿಬಿಗೆ. ಈಗ ಪ್ರೀಪೇಯ್ಡ್ ಲೆಕ್ಕ ನೋಡಿ. ದಿನಕ್ಕೆ 2 ಜಿಬಿ ಕೊಡುವ 28 ದಿನದ ರೀಚಾರ್ಜಿಗೆ 350 ರೂ. ಎಂದಿಟ್ಟುಕೊಳ್ಳಿ (ದರ ಬದಲಾಗುತ್ತಿರುತ್ತದೆ, ಕೊಳ್ಳುವ ದಿನದ ದರ ಹಾಕಿಕೊಳ್ಳಿ). ಎರಡು ವರ್ಷಕ್ಕೆ 26 ರೀಚಾರ್ಜ್, ಒಟ್ಟು 9,100 ರೂ. ಇಲ್ಲಿ 24 ಎಂದು ಎಣಿಸಬೇಡಿ. 28 ದಿನದ ಪ್ಯಾಕಿನಲ್ಲಿ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್ ಬೀಳುತ್ತದೆ. ಆದರೂ 42,575ರಿಂದ 9,100 ಕಳೆದರೆ ನಿಮ್ಮ ಕೈಯಲ್ಲಿ 33,475 ರೂ. ಉಳಿಯುತ್ತದೆ. ಆ ಹಣಕ್ಕೆ 4 ಜಿಬಿ ರ‍್ಯಾಮಿನ ಸೆಲೆರಾನಿಗಿಂತ ಎಷ್ಟೋ ಮೇಲಿನ ಲ್ಯಾಪ್‌ಟಾಪನ್ನು ಕೇಳಬಹುದು.

ನ್ಯಾಯವಾಗಿ ಹೇಳಬೇಕೆಂದರೆ 40 ಜಿಬಿ ಪೋಸ್ಟ್‌ಪೇಯ್ಡಿನಲ್ಲಿ ಒಂದು ಅನುಕೂಲವಿದೆ. ದಿನದ ಮಿತಿ ಇರುವುದಿಲ್ಲ. ಇವತ್ತು 6 ಜಿಬಿ ಬಳಸಿ ನಾಳೆ ಸುಮ್ಮನಿರಬಹುದು. ದಿನಕ್ಕೆ 2 ಜಿಬಿಯ ಪ್ಯಾಕಿನಲ್ಲಿ ಬಳಸದೆ ಉಳಿದದ್ದು ರಾತ್ರಿ 12ಕ್ಕೆ ಹೋಯಿತು. ಆದರೆ ಆ ಅನುಕೂಲಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವುದು ಹೆಚ್ಚಾಯಿತು.

ಇನ್ನು ಸಿಗ್ನಲ್ ವಿಷಯ. ಕೊಡಗಿನಲ್ಲಿ ಕೊಳ್ಳುವ ಕ್ರಮವೇ ತಿರುಗಮುರುಗ ಆಗಬೇಕು. ಮೊದಲು ಮನೆಯಲ್ಲಿ ಯಾವ ಕಂಪನಿ ಸಿಗುತ್ತದೆ ಎಂದು ಗೊತ್ತಾಗಬೇಕು, ಆಮೇಲೆ ಸಿಮ್, ಕೊನೆಗೆ ಲ್ಯಾಪ್‌ಟಾಪ್. ಮಡಿಕೇರಿ ಪೇಟೆಯ ಅಂಗಡಿಯಲ್ಲಿ ವೇಗ ತೋರಿಸಿದರೆ ಅದರಿಂದ ನಿಮಗೇನೂ ತಿಳಿಯುವುದಿಲ್ಲ. ನಡುವೆ ಒಂದು ಗುಡ್ಡ ಬಂದರೆ ಸಾಕು, ಒಂದೇ ಊರಿನ ಎರಡು ಮನೆಗಳಲ್ಲಿ ಎರಡು ಬೇರೆ ಕಂಪನಿ ಚೆನ್ನಾಗಿರುತ್ತದೆ.

ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ರೀತಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ತೆರೆದರೆ ಸಿಗ್ನಲ್ ಸ್ಟ್ರೆಂಗ್ತ್ ಎಂದು ಡಿಬಿಎಂ ಲೆಕ್ಕದಲ್ಲಿ ಒಂದು ಮೈನಸ್ ಸಂಖ್ಯೆ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಚೆನ್ನಾಗಿದೆ. ಮೈನಸ್ 100ರವರೆಗೆ ವಿಡಿಯೋ ಕ್ಲಾಸ್ ನಡೆಯುತ್ತದೆ. ಮೈನಸ್ 110 ದಾಟಿತೆಂದರೆ ವಾಟ್ಸಾಪ್ ಸಂದೇಶ ಹೋದೀತು, ಕ್ಲಾಸ್ ಕಡಿದು ಕಡಿದು ಬರುತ್ತದೆ. ಮೈನಸ್ 115ರ ಆಚೆ ಆಸೆ ಬಿಡಿ. ಈ ಅಳತೆಯಲ್ಲಿ ಹತ್ತು ಅಂಕಿ ಕುಸಿದರೆ ಬರುವ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಅಂಗಳದಲ್ಲಿ ಮೈನಸ್ 98 ಇದ್ದು ಕೋಣೆಯೊಳಗೆ ಮೈನಸ್ 114 ಆದರೆ, ಒಳಗೆ ಸಿಗುತ್ತಿರುವುದು ಹೊರಗಿನದರ ನಲವತ್ತನೇ ಒಂದು ಭಾಗ.

ಅಂಗಳ, ಓದುವ ಕೋಣೆ, ಅಟ್ಟದ ಕಿಟಕಿ, ಈ ಮೂರು ಕಡೆ ಅಳೆದು ಬರೆದಿಡಿ. ಬೆಳಿಗ್ಗೆ ಒಮ್ಮೆ, ರಾತ್ರಿ 8ರಿಂದ 10ರ ನಡುವೆ ಒಮ್ಮೆ. ಬೆಳಿಗ್ಗೆಯೂ ರಾತ್ರಿಯೂ ಡಿಬಿಎಂ ಒಂದೇ ಇದ್ದು ರಾತ್ರಿ ವೇಗ ಮಾತ್ರ ಬಿದ್ದುಹೋದರೆ ಅದು ಟವರಿನಲ್ಲಿ ಜನ ತುಂಬಿದ ಲಕ್ಷಣ. ಅದಕ್ಕೆ ಆಂಟೆನಾ ಹಾಕಿ ಪ್ರಯೋಜನವಿಲ್ಲ, ಕಂಪನಿ ಬದಲಿಸಿಯೇ ನೋಡಬೇಕು. ನಿಮ್ಮಲ್ಲಿ ಇಲ್ಲದ ಕಂಪನಿಗಳ ಸಿಮ್ ಇರುವ ನೆಂಟರನ್ನೋ ಪಕ್ಕದ ಮನೆಯವರನ್ನೋ ಕರೆದು, ಅವರ ಫೋನಿನಲ್ಲೂ ಇದೇ ಮೂರು ಜಾಗದಲ್ಲಿ ನೋಡಿಸಿ. ಖರ್ಚಿಲ್ಲದ ಈ ಕೆಲಸವನ್ನು ಮಾಡದೆಯೇ ಜನ ಎರಡು ವರ್ಷದ ಕರಾರಿಗೆ ಸಹಿ ಹಾಕುತ್ತಾರೆ.

ಒಳಗೆ ಸಿಗ್ನಲ್ ಏಕೆ ಬರುವುದಿಲ್ಲ? ಹಂಚು ಅಷ್ಟೇನೂ ತಡೆಯುವುದಿಲ್ಲ. ತಡೆಯುವುದು ದಪ್ಪ ಕಲ್ಲಿನ ಅಥವಾ ಮಣ್ಣಿನ ಗೋಡೆ, ಕಾಂಕ್ರೀಟ್, ಎಲ್ಲಕ್ಕಿಂತ ಹೆಚ್ಚಾಗಿ ತಗಡು. ಮಳೆಗೆಂದು ಹಂಚಿನ ಕೆಳಗೋ ತಾರಸಿ ಮೇಲೋ ಹಾಕಿಸಿದ ತಗಡಿನ ಶೀಟು ರೇಡಿಯೋ ಅಲೆಗಳಿಗೆ ಬಾಗಿಲು ಹಾಕಿದಂತೆ. ಅಂಥ ಮನೆಯಲ್ಲಿ ಅಟ್ಟಕ್ಕಿಂತ ಕೆಳಗಿನ ಕಿಟಕಿಯೇ ವಾಸಿ ಎಂದೂ ಆಗಬಹುದು. ಅದಕ್ಕೇ ಅಳೆದು ನೋಡಿ ಎಂದದ್ದು.

ಯಾವ ಕಂಪನಿ ಯಾವ ಅಲೆಯಲ್ಲಿ ಬರುತ್ತದೆ ಎಂಬುದೂ ನಮ್ಮ ಗುಡ್ಡಗಾಡಿಗೆ ಮುಖ್ಯ. ಮೆಗಾಹರ್ಟ್ಸ್ ಕಡಿಮೆ ಇದ್ದಷ್ಟೂ ಅಲೆ ದೂರ ಹೋಗುತ್ತದೆ, ಮರ ಗೋಡೆಗಳನ್ನು ಹೆಚ್ಚು ದಾಟುತ್ತದೆ. ಜಿಯೋದ 4ಜಿ 850, 1800, 2300ರಲ್ಲಿದೆ. ಏರ್‌ಟೆಲ್ 900, 1800, 2100, 2300 ಬಳಸುತ್ತದೆ. ಬಿಎಸ್‌ಎನ್‌ಎಲ್‌ನ ಹೊಸ ಸ್ವದೇಶಿ 4ಜಿ ಬರುವುದು 700 ಮತ್ತು 2100ರಲ್ಲಿ. ತೋಟದ ನಡುವಿನ ಮನೆಗೆ ಕೊನೆಗೂ ತಲುಪುವುದು 700, 850, 900, ಇವೇ. ಆದ್ದರಿಂದ ಫೋನ್, ಡೋಂಗಲ್ (ಲ್ಯಾಪ್‌ಟಾಪಿಗೆ ಚುಚ್ಚುವ ಸಿಮ್ ಕಡ್ಡಿ), ರೌಟರ್ ಏನು ಕೊಂಡರೂ ಪೆಟ್ಟಿಗೆಯ ಮೇಲಿನ ಬ್ಯಾಂಡ್ ಪಟ್ಟಿ ಓದಿ: ಜಿಯೋಗೆ ಬ್ಯಾಂಡ್ 5 (850), ಏರ್‌ಟೆಲ್‌ಗೆ ಬ್ಯಾಂಡ್ 8 (900), ಬಿಎಸ್‌ಎನ್‌ಎಲ್‌ಗೆ ಬ್ಯಾಂಡ್ 28 (700) ಇರಲೇಬೇಕು. ಹಳೆಯ, ಅಗ್ಗದ ಡೋಂಗಲ್‌ಗಳಲ್ಲಿ ಬ್ಯಾಂಡ್ 28 ಇರುವುದಿಲ್ಲ. ಬಿಎಸ್‌ಎನ್‌ಎಲ್ ಸಿಮ್ ಹಾಕಿ "ಸಿಗ್ನಲ್ಲೇ ಇಲ್ಲ" ಎಂದು ಬೈಯುವವರಲ್ಲಿ ಕೆಲವರ ತೊಂದರೆ ಇಷ್ಟೆ.

5ಜಿ ಎಂದು ಅಂಗಡಿಯವರು ಒತ್ತಿ ಹೇಳಿದರೆ, ನಿಮ್ಮ ಹಳ್ಳಿಯಲ್ಲಿ 5ಜಿ ಇದೆಯೇ ಎಂದು ಮೊದಲು ನೋಡಿ. 2024ರ ಜುಲೈ ದರ ಏರಿಕೆಯ ನಂತರ ಜಿಯೋ, ಏರ್‌ಟೆಲ್ ಎರಡೂ 'ಅನ್‌ಲಿಮಿಟೆಡ್ 5ಜಿ'ಯನ್ನು ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಯಾಕುಗಳಿಗೆ ಸೀಮಿತಗೊಳಿಸಿದವು. ಫೋನ್ 4ಜಿಗೆ ಇಳಿದ ಕ್ಷಣ ಆ ಅನ್‌ಲಿಮಿಟೆಡ್ ಮುಗಿದು ದಿನದ 2 ಜಿಬಿ ಲೆಕ್ಕ ಶುರುವಾಗುತ್ತದೆ.

ಮಳೆಗಾಲದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮಂಜು ಕವಿದರೆ ನೆಟ್ ಹೋಗುತ್ತದೆ ಎನ್ನುತ್ತಾರೆ. ಮೊಬೈಲ್ ಬಳಸುವ ಅಲೆಗಳಿಗೆ ಮಂಜಿನಿಂದ ಏನೂ ಆಗುವುದಿಲ್ಲ, ನೇರ ಮಳೆಹನಿಯಿಂದಲೂ ಹೆಚ್ಚೇನಿಲ್ಲ. ಕೆಡಿಸುವುದು ಬೇರೆ ಮೂರು. ನೀರು ಹಿಡಿದ ಎಲೆ, ಅಂದರೆ ಮನೆ ಸುತ್ತ ಸಿಲ್ವರ್ ಓಕ್, ಹಲಸು, ಬಳಂಜಿ ದಟ್ಟವಾಗಿದ್ದರೆ ಜನವರಿಯಲ್ಲಿ ಅಳೆದದ್ದು ಜುಲೈಯಲ್ಲಿ ಇರುವುದಿಲ್ಲ. ಎರಡನೆಯದು ಟವರಿನಿಂದ ಟವರಿಗೆ ಹೋಗುವ ಮೈಕ್ರೋವೇವ್ ಕೊಂಡಿ. ಫೈಬರ್ ತಲುಪದ ಟವರುಗಳಲ್ಲಿ ಡ್ರಮ್ಮಿನ ಆಕಾರದ ಬಿಳಿ ಡಿಶ್ ಕಾಣುತ್ತದಲ್ಲ, ಅದು ಹೆಚ್ಚಿನ ಅಲೆಯಲ್ಲಿ ಕೆಲಸ ಮಾಡುತ್ತದೆ, ಜಡಿಮಳೆಗೆ ಅದು ಸೊರಗುತ್ತದೆ. ಆಗ ಫೋನಿನಲ್ಲಿ ಸಿಗ್ನಲ್ ತುಂಬಾ ಇರುತ್ತದೆ, ಇಂಟರ್ನೆಟ್ ಮಾತ್ರ ಓಡುವುದಿಲ್ಲ. ಮೂರನೆಯದು ಎಲ್ಲರಿಗೂ ಗೊತ್ತಿರುವುದೇ: ಮರ ಬಿದ್ದು ಲೈನ್ ಹೋಗಿ, ಟವರಿನ ಬ್ಯಾಟರಿ ಮುಗಿದು, ಡೀಸೆಲ್ ಬಾರದೆ ಟವರೇ ಆರಿಹೋಗುವುದು. "ಕರೆಂಟ್ ಹೋದ ಮೇಲೆ ಈ ಟವರ್ ಎಷ್ಟು ಹೊತ್ತು ಇರುತ್ತದೆ?" ಎಂದು ಊರಿನಲ್ಲಿ ಕೇಳಿ. ಯಾವ ಕಂಪನಿಯ ಕವರೇಜ್ ನಕ್ಷೆಯಲ್ಲೂ ಈ ಉತ್ತರ ಸಿಗುವುದಿಲ್ಲ.

ಹಾಗಾದರೆ ಮಾಡುವುದೇನು? ಸಿಗ್ನಲ್ ಸಿಗುವ ಜಾಗದಲ್ಲಿ ಸಿಮ್ ಇರಲಿ, ಲ್ಯಾಪ್‌ಟಾಪ್ ಎಲ್ಲಿ ಬೇಕೋ ಅಲ್ಲಿರಲಿ, ನಡುವಿನ ಕೆಲಸ ವೈಫೈ ಮಾಡಲಿ. ಇದಕ್ಕೆ ಮೂರು ಮೆಟ್ಟಿಲು. ಕೆಳಗಿನದರಲ್ಲಿ ಕೆಲಸ ಆದರೆ ಮೇಲಿನದಕ್ಕೆ ಹೋಗಬೇಡಿ.

ಮೊದಲನೆಯದು, ಮನೆಯಲ್ಲಿರುವ ಫೋನನ್ನೇ ಚಾರ್ಜರಿಗೆ ಹಾಕಿ ಅತ್ಯುತ್ತಮ ಸಿಗ್ನಲ್ ಇರುವ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಆನ್ ಮಾಡುವುದು. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ 2.4 ಗಿಗಾಹರ್ಟ್ಸ್ ಆಯ್ದುಕೊಳ್ಳಿ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಹಳೆ ಮನೆಯ ಎರಡು ಗೋಡೆ ದಾಟಲಾರದು. ಫೋನನ್ನು ಬಿಸಿಲು ಬೀಳುವಲ್ಲಿ ಇಡಬೇಡಿ, ಚಾರ್ಜ್ ಆಗುತ್ತಾ ಹಾಟ್‌ಸ್ಪಾಟ್ ಕೊಡುತ್ತಾ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಸಂಜೆ ಎರಡು ತಾಸಿನ ಕ್ಲಾಸಿಗೆ ಬಹಳಷ್ಟು ಮನೆಗಳಲ್ಲಿ ಇಷ್ಟೇ ಸಾಕು.

ಎರಡನೆಯದು, ಸಿಮ್ ಹಾಕುವ 4ಜಿ ರೌಟರ್. ಕೊಳ್ಳುವಾಗ ಮೂರು ನೋಡಿ: ಎಲ್ಲಾ ಕಂಪನಿಯ ಸಿಮ್ ಹಿಡಿಯಬೇಕು, ಮೇಲೆ ಹೇಳಿದ ಬ್ಯಾಂಡ್ ಇರಬೇಕು, ಹಿಂದೆ ಹೊರಗಿನ ಆಂಟೆನಾಕ್ಕೆ ತಿರುಪಿನ ಕನೆಕ್ಟರ್ ಎರಡು ಇರಬೇಕು. ಬೆಲೆಯಲ್ಲಿ ಇದು ಫೋನಿಗಿಂತ ಕಡಿಮೆ, ಫೋನಿಗೂ ವಿಶ್ರಾಂತಿ. ಹೆಚ್ಚಿನ ರೌಟರುಗಳು 12 ವೋಲ್ಟಿನಲ್ಲಿ ನಡೆಯುತ್ತವೆ, 6 ವ್ಯಾಟ್ ಆಸುಪಾಸು ಎಳೆಯುತ್ತವೆ. ಜೊತೆಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. ಒಳಗೆ 22 ವ್ಯಾಟ್-ಅವರ್ ಬ್ಯಾಟರಿ ಇದ್ದರೆ ಕರೆಂಟ್ ಹೋದ ಮೇಲೂ ರೌಟರ್ ಮೂರು ಗಂಟೆಗೂ ಮೇಲೆ ನಡೆಯುತ್ತದೆ.

ಮೂರನೆಯದು ಹೊರಗಿನ ಆಂಟೆನಾ. ಇಲ್ಲಿ ಜನ ಹಣ ಹಾಳುಮಾಡಿಕೊಳ್ಳುವುದು ಕೇಬಲ್ಲಿನಲ್ಲಿ. ತೆಳ್ಳನೆಯ ಅಗ್ಗದ ಕೇಬಲ್ 1800 ಮೆಗಾಹರ್ಟ್ಸಿನಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬಲ್ (ಮೇಲಿನ ಡಿಬಿಎಂ ಲೆಕ್ಕದ ಒಂದು ಅಂಕಿ) ತಿನ್ನುತ್ತದೆ. ಹತ್ತು ಮೀಟರ್ ಎಳೆದರೆ ಆಂಟೆನಾ ಗಳಿಸಿಕೊಟ್ಟ 10 ಡೆಸಿಬಲ್ಲೂ ಕೇಬಲ್ಲಿನಲ್ಲೇ ಕರಗಿತು. ಐದು ಮೀಟರ್ ಮೀರಬೇಡಿ, ಇಲ್ಲವೇ ದಪ್ಪನೆಯ ಕಡಿಮೆ ನಷ್ಟದ ಕೇಬಲ್ ಹಾಕಿಸಿ. ದೂರ ಹೆಚ್ಚಿದ್ದರೆ ಇಡೀ ರೌಟರನ್ನೇ ಕಂಬದ ಮೇಲೆ ಇಡುವ, ಮಳೆ ತಡೆಯುವ ಹೊರಾಂಗಣ ರೌಟರ್ ತೆಗೆದುಕೊಂಡು ಈಥರ್ನೆಟ್ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸಿ. ಅದನ್ನು 100 ಮೀಟರ್‌ವರೆಗೆ ಎಳೆಯಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಮುಂಚೆ ಕಂಬಕ್ಕೆ ಅರ್ತಿಂಗ್ ಆಗಿರಬೇಕು, ಗುಡುಗು ಶುರುವಾದರೆ ಕೇಬಲ್ ಕಳಚಿಡಬೇಕು. 'ಸಿಗ್ನಲ್ ಬೂಸ್ಟರ್' ಎಂದು ಆನ್‌ಲೈನಿನಲ್ಲಿ ಸಿಗುವ ರಿಪೀಟರ್ ಮಾತ್ರ ಬೇಡ. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ, ಸುತ್ತಲಿನವರ ನೆಟ್‌ವರ್ಕನ್ನೂ ಕೆಡಿಸುತ್ತದೆ.

ನಿಮ್ಮ ರಸ್ತೆಯವರೆಗೆ ಫೈಬರ್ ಬಂದಿದ್ದರೆ ಈ ಮೇಲಿನದೆಲ್ಲ ಬದಿಗಿಟ್ಟು ಅದನ್ನೇ ತೆಗೆದುಕೊಳ್ಳಿ, ಸಿಮ್ ಹಾಟ್‌ಸ್ಪಾಟ್ ಮಳೆಗಾಲದ ಆಪತ್ತಿಗೆ ಇರಲಿ. ಕಂಬದ ಮೇಲೆ ಬರುವ ಫೈಬರ್ ಮರ ಬಿದ್ದಾಗ ತುಂಡಾಗುತ್ತದೆ, ಜೋಡಿಸಲು ದಿನಗಟ್ಟಲೆ ಹಿಡಿಯುವುದೂ ಉಂಟು.

ಈಗ ಲ್ಯಾಪ್‌ಟಾಪ್. ಅವರು ತೋರಿಸಿದ ಯಂತ್ರ ಬಿ.ಕಾಂ. ಹುಡುಗಿಗೆ ಏಕೆ ಸಾಲದು ಎಂದರೆ, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠವೇ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಅಂದರೆ ಅದು ಕೊಳ್ಳುವ ದಿನವೇ ಕೊನೆಯ ಮೆಟ್ಟಿಲಲ್ಲಿ ನಿಂತಿದೆ. ವಿಂಡೋಸ್ ಮತ್ತು ಆಫೀಸ್ ಕೂತ ಮೇಲೆ 64 ಜಿಬಿಯಲ್ಲಿ ಉಳಿಯುವ ಜಾಗ ಅಷ್ಟಕ್ಕಷ್ಟೆ. ವರ್ಷದೊಳಗೆ ದೊಡ್ಡ ಅಪ್‌ಡೇಟ್ ಬಂದಾಗ "ಜಾಗ ಸಾಲದು" ಎನ್ನುತ್ತದೆ. ಅದೂ ಇಎಂಎಂಸಿ ಎಂಬ ಬಗೆಯ ಸ್ಟೋರೇಜ್: ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲಾಗದು, ವೇಗದ ಬಗೆಯಾದ ಎಸ್‌ಎಸ್‌ಡಿಗಿಂತ ಹಲವು ಪಟ್ಟು ನಿಧಾನ. ಬ್ರೌಸರಿನಲ್ಲಿ ಕ್ಲಾಸ್, ಪಕ್ಕದಲ್ಲಿ ಎಕ್ಸೆಲ್ ತೆರೆದರೆ ಸಾಕು, 4 ಜಿಬಿ ರ‍್ಯಾಮ್ ತುಂಬಿ ಯಂತ್ರ ಆ ನಿಧಾನದ ಸ್ಟೋರೇಜಿಗೇ ಓಡಾಡತೊಡಗುತ್ತದೆ.

ಸಿಮ್ ಸಮೇತ ಬಂದ ಅಗ್ಗದ ಯಂತ್ರಗಳಲ್ಲಿ ಹೆಸರಾದದ್ದು ಜಿಯೋಬುಕ್. 2023ರಲ್ಲಿ ಬಂದ ಮಾದರಿ 16,499 ರೂ.ಗೆ ಬಿಡುಗಡೆಯಾಯಿತು: 11.6 ಇಂಚಿನ ಪರದೆ, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ತೂಕ 990 ಗ್ರಾಂ. ಹೈಸ್ಕೂಲು ಮಕ್ಕಳು ಪಾಠ ನೋಡುವುದಕ್ಕೆ, ಟೈಪ್ ಮಾಡುವುದಕ್ಕೆ ಅದು ಕೆಟ್ಟದ್ದೇನಲ್ಲ. ಆದರೆ ಅದು ನಡೆಯುವುದು ಆಂಡ್ರಾಯ್ಡ್ ಮೂಲದ ಜಿಯೋಓಎಸ್‌ನಲ್ಲಿ. ಟ್ಯಾಲಿ ಕೂರುವುದಿಲ್ಲ, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಕೂರುವುದಿಲ್ಲ, ಕಾಲೇಜು ಲ್ಯಾಬಿನ ವಿಂಡೋಸ್ ಪ್ರೋಗ್ರಾಂ ಯಾವುದೂ ಕೂರುವುದಿಲ್ಲ. ಟ್ಯಾಲಿ ಬೇಕು ಎಂದ ಮೇಲೆ ವಿಂಡೋಸ್ ಬೇಕೇ ಬೇಕು, ವಿಂಡೋಸ್ ಇಲ್ಲದ ಕ್ರೋಮ್‌ಬುಕ್ಕನ್ನೂ ಇದೇ ಕಾರಣಕ್ಕೆ ಬಿಡಿ.

ನಿಮ್ಮ ಮಗಳಿಗೆ ಬೇಕಾದದ್ದು 8 ಜಿಬಿ ರ‍್ಯಾಮ್, 256 ಅಥವಾ 512 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರ್ ಇಂಟೆಲ್ ಕೋರ್ ಐ3 12ನೇ ತಲೆಮಾರಿನ 1215ಯು ಆಗಲಿ ಎಎಂಡಿ ರೈಜೆನ್ 3 7320ಯು ಆಗಲಿ ಸಾಕು. ಒಂದು ವ್ಯತ್ಯಾಸ ನೆನಪಿಡಿ: 7320ಯು ಇರುವ ಯಂತ್ರಗಳಲ್ಲಿ ರ‍್ಯಾಮ್ ಬೆಸೆದಿರುತ್ತದೆ, ಮುಂದೆ ಹೆಚ್ಚಿಸಲಾಗದು. 1215ಯು ಇರುವ ಹಲವು ಮಾದರಿಗಳಲ್ಲಿ ಖಾಲಿ ಸ್ಲಾಟ್ ಇರುತ್ತದೆ. ಹಣ ಸಾಲದಿದ್ದರೆ ಇಂಟೆಲ್ ಎನ್100 ಅಥವಾ ಎನ್200 ಕೂಡ ಟ್ಯಾಲಿ, ಎಕ್ಸೆಲ್, ಕ್ಲಾಸಿಗೆ ನಡೆಯುತ್ತದೆ, ರ‍್ಯಾಮ್ 8 ಜಿಬಿ ಇದ್ದರೆ ಮಾತ್ರ. ಎನ್4020, ಎನ್4500 ಎಂಬ ಹಳೆಯ ಸೆಲೆರಾನ್‌ಗಳಿಗೆ ಹಣ ಹಾಕಬೇಡಿ. ಪ್ರೊಸೆಸರ್ ಹೆಸರಿಗಿಂತ ರ‍್ಯಾಮ್, ಎಸ್‌ಎಸ್‌ಡಿ ಮುಖ್ಯ: ಐ3 ಎಂದು ಬರೆದು 4 ಜಿಬಿ ರ‍್ಯಾಮ್ ಕೊಟ್ಟರೆ ಎನ್200ರ 8 ಜಿಬಿಯೇ ಮೇಲು.

ಕೊಡಗಿಗೆಂದೇ ಒಂದು ಷರತ್ತು ಸೇರಿಸುತ್ತೇವೆ. ಟೈಪ್-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್ ಹುಡುಕಿ. ಟೈಪ್-ಸಿ ರಂಧ್ರ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಎಂದಲ್ಲ. ರಂಧ್ರದ ಪಕ್ಕ ಚಾರ್ಜಿಂಗ್ ಗುರುತು ಇದೆಯೇ ನೋಡಿ, ಅಂಗಡಿಯಲ್ಲೇ ಹಾಕಿಸಿ ಪರೀಕ್ಷಿಸಿ. 65 ವ್ಯಾಟ್ ಕೊಡುವ 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 74 ವ್ಯಾಟ್-ಅವರ್ ಇರುತ್ತದೆ, ಪರಿವರ್ತನೆಯ ನಷ್ಟ ಕಳೆದರೂ 42 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪಿಗೆ ಪೂರ್ತಿ ಒಂದು ಸಲ ತುಂಬುತ್ತದೆ. ಕರೆಂಟಿಲ್ಲದ ದಿನ ಮಗಳ ಕೆಲಸ ಅಷ್ಟರಲ್ಲಿ ಮುಗಿಯುತ್ತದೆ. ಉದ್ದ ಮೂತಿಯ ಹಳೆ ಬಗೆಯ ಪಿನ್ ಚಾರ್ಜರ್ ಆದರೆ ಇನ್ವರ್ಟರ್ ಬೇಕು.

ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಯಂತ್ರ ಕೊಳ್ಳಬಹುದೇ ಎಂದರೆ, ಹೌದು, ಹಣದ ಇಕ್ಕಟ್ಟಿದ್ದರೆ ಹೊಸ ಸೆಲೆರಾನಿಗಿಂತ ಅದೇ ಒಳ್ಳೆಯದು. ಕಚೇರಿಗಳಿಂದ ಹೊರಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಗಟ್ಟಿಮುಟ್ಟು. ಆದರೆ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 11 ಅಧಿಕೃತವಾಗಿ ಅಲ್ಲಿಂದಲೇ ಶುರು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಐ5 ಎಂದು ದೊಡ್ಡದಾಗಿ ಬರೆದು 6ನೇ, 7ನೇ ತಲೆಮಾರಿನದನ್ನು ಕೊಡುವುದು ಈ ವ್ಯಾಪಾರದ ಹಳೆಯ ಚಾಳಿ. ಐ5-8250ಯು ಎಂದಿದ್ದರೆ ಗೀಟಿನ ನಂತರದ ಮೊದಲ ಅಂಕಿ 8, ಅದೇ ತಲೆಮಾರು. ಬ್ಯಾಟರಿ ನೋಡಲು ಕಮಾಂಡ್ ಪ್ರಾಂಪ್ಟ್ ತೆರೆದು ಬ್ಯಾಟರಿ ವರದಿ ತೆಗೆಸಿ, ಅಂಗಡಿಯವರಿಗೆ ಅದು ಗೊತ್ತಿರುತ್ತದೆ. ಅದರಲ್ಲಿ 'ಡಿಸೈನ್ ಕೆಪಾಸಿಟಿ', 'ಫುಲ್ ಚಾರ್ಜ್ ಕೆಪಾಸಿಟಿ' ಎಂದು ಎರಡು ಅಂಕಿ ಇರುತ್ತವೆ. ಎರಡನೆಯದು ಮೊದಲನೆಯದರ ಶೇ. 70ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ.

ಡೇಟಾ ಎಷ್ಟು ಬೇಕಾದೀತು? ಕ್ಯಾಮೆರಾ ಆನ್ ಇರುವ ಗುಂಪು ಕ್ಲಾಸಿಗೆ ಗಂಟೆಗೆ ಒಂದು ಜಿಬಿ ಆಸುಪಾಸು ಹಿಡಿಯಿರಿ. ಯೂಟ್ಯೂಬನ್ನು 480ರಲ್ಲಿ ನೋಡಿದರೆ ಅದರ ಅರ್ಧ. ದಿನಕ್ಕೆ ಎರಡು ಗಂಟೆ ಕ್ಲಾಸಾದರೆ 2 ಜಿಬಿ ಅಲ್ಲಿಗಲ್ಲಿಗೆ, ತನ್ನ ಕ್ಯಾಮೆರಾ ಆಫ್ ಮಾಡಿಟ್ಟರೆ ಉಳಿತಾಯ. ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ಎಂಬಿಯ ಪಿಡಿಎಫ್ ಇಳಿಯಲು ಎರಡು ನಿಮಿಷ ಬೇಕು, ಕ್ಲಾಸಿನ ಮಾತೇ ಇಲ್ಲ.

ಡೇಟಾ ಕದಿಯುವ ದೊಡ್ಡ ಕಳ್ಳ ವಿಂಡೋಸೇ. ಹೊಸ ಲ್ಯಾಪ್‌ಟಾಪ್ ಮೊದಲ ಎರಡು ದಿನದಲ್ಲಿ ಹಲವು ಜಿಬಿ ಅಪ್‌ಡೇಟ್ ಎಳೆದುಕೊಳ್ಳುತ್ತದೆ. ಅದನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಫೈಬರ್ ಇರುವ ನೆಂಟರ ಮನೆಯಲ್ಲಿ ಒಂದು ರಾತ್ರಿ ಬಿಟ್ಟು ಮುಗಿಸಿಕೊಂಡು ಬನ್ನಿ. ಮನೆಗೆ ಬಂದು ಹಾಟ್‌ಸ್ಪಾಟಿಗೆ ಜೋಡಿಸಿದ ಕೂಡಲೇ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಆ ಸಂಪರ್ಕದ ಪ್ರಾಪರ್ಟೀಸ್‌ಗೆ ಹೋಗಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ದೊಡ್ಡ ಅಪ್‌ಡೇಟುಗಳು ಅಲ್ಲಿಗೆ ನಿಲ್ಲುತ್ತವೆ. ವಿಂಡೋಸ್ ಅಪ್‌ಡೇಟಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ 'ಡೆಲಿವರಿ ಆಪ್ಟಿಮೈಸೇಶನ್' (ಅಪ್‌ಡೇಟನ್ನು ಬೇರೆ ಕಂಪ್ಯೂಟರುಗಳಿಗೆ ಹಂಚುವ ಏರ್ಪಾಡು) ಆಫ್ ಮಾಡಿ. ಒನ್‌ಡ್ರೈವ್ ತಾನಾಗಿ ಫೋಟೋ, ಡಾಕ್ಯುಮೆಂಟ್ ಮೇಲೆ ಕಳಿಸುವುದನ್ನೂ ನಿಲ್ಲಿಸಿ. ತಿಂಗಳಿಗೊಮ್ಮೆ ಮತ್ತೆ ಫೈಬರ್ ಸಿಕ್ಕಲ್ಲಿ ಅಪ್‌ಡೇಟ್ ಮಾಡಿಕೊಳ್ಳಲಿ, ಪೂರ್ತಿ ಬಿಡಬಾರದು. ವಿಂಡೋಸ್ 'ಎಸ್ ಮೋಡ್'ನಲ್ಲಿ (ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಮಾತ್ರ ಹಿಡಿಯುವ ಸ್ಥಿತಿಯಲ್ಲಿ) ಬಂದಿದ್ದರೆ ಟ್ಯಾಲಿ ಹಾಕಲು ಬಿಡುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಿಂದ ಅದನ್ನು ಉಚಿತವಾಗಿ ತೆಗೆಯಬಹುದು, ಇದಕ್ಕೆ ಹಣ ಕೇಳಿದರೆ ಕೊಡಬೇಡಿ.

ಹಣದ ವಿಷಯಕ್ಕೆ ಬಂದರೆ, ತಿಂಗಳ ಸಂಬಳದವರಿಗೆ ಹೊಲಿದ ಕಂತು ಕಾಫಿ ಬೆಳೆಗಾರರ ಮೈಗೆ ಕೂರುವುದಿಲ್ಲ. ರೊಬಸ್ಟಾ ಮಾರಿದ ಹಣ ಬೇಸಿಗೆಯಲ್ಲಿ ಒಟ್ಟಿಗೆ ಬರುತ್ತದೆ. ಆಗಸ್ಟಿನಲ್ಲಿ ಖಾತೆ ಬರಿದಾಗಿರುವಾಗಲೂ ಕಂತು ಮಾತ್ರ 5ನೇ ತಾರೀಖಿಗೆ ತಪ್ಪದೆ ಎಳೆಯುತ್ತದೆ. ಹಣವಿಲ್ಲದೆ ವಾಪಸಾದರೆ ಬ್ಯಾಂಕಿನವರೊಂದು ದಂಡ, ಸಾಲದವರೊಂದು ದಂಡ, ಜೊತೆಗೆ ಸಿಬಿಲ್ ಅಂಕ (ಸಾಲ ತೀರಿಸುವ ನಡತೆಗೆ ಕೊಡುವ ಅಂಕ) ಇಳಿಕೆ. ಮುಂದೆ ಬೆಳೆ ಸಾಲ ಕೇಳುವಾಗ ಅದು ಎದುರಾಗುತ್ತದೆ. ಆದ್ದರಿಂದ ಕಾಫಿ ಮಾರಿದ ಮೇಲೆ ಲ್ಯಾಪ್‌ಟಾಪಿಗೆ ನಗದು ಕೊಟ್ಟು, ಅದೇ ಹೊತ್ತಿಗೆ 365 ದಿನದ ರೀಚಾರ್ಜ್ ಒಂದನ್ನು ಹಾಕಿಸಿಬಿಡಿ. ಸಿಮ್ ಮನೆಯಲ್ಲಿ ಒಂದು ತಿಂಗಳು ನಡೆದದ್ದನ್ನು ನೋಡಿದ ಮೇಲೆಯೇ ವರ್ಷದ ಪ್ಯಾಕ್ ಹಾಕಿ.

ಅಲ್ಲಿಯವರೆಗೆ ತಡೆಯಲಾಗದು, ಕಂತೇ ಗತಿ ಎಂದಾದರೆ ಲ್ಯಾಪ್‌ಟಾಪಿಗೆ ಮಾತ್ರ ಸಾಲ ಮಾಡಿ, ಸಿಮ್ ಸೇರಿಸಬೇಡಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಪುಟ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಅದನ್ನು ಕೇಳಿ ಪಡೆದು ಓದಿ. 'ನೋ ಕಾಸ್ಟ್ ಇಎಂಐ' ಎಂದರೆ ಬಡ್ಡಿ ಇಲ್ಲ ಎಂದಲ್ಲ, ನಗದು ಕೊಟ್ಟರೆ ಸಿಗಬೇಕಿದ್ದ ರಿಯಾಯಿತಿ ಬಡ್ಡಿಗೆ ಹೋಯಿತು ಎಂದು. "ಇವತ್ತೇ ಪೂರ್ತಿ ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ?" ಎಂದು ಕೇಳಿದರೆ ಕಂತಿನ ನಿಜವಾದ ಬೆಲೆ ಹೊರಬೀಳುತ್ತದೆ.

ಜೋಡಿ ಯೋಜನೆ ಯಾರಿಗೂ ಬೇಡ ಎಂದಲ್ಲ. ಗೋಣಿಕೊಪ್ಪ, ಕುಶಾಲನಗರದಂಥ ಪೇಟೆಯಲ್ಲಿ ಮನೆಯೊಳಗೇ ಒಳ್ಳೆಯ ಸಿಗ್ನಲ್ ಇದ್ದು, ತಿಂಗಳ ಸಂಬಳ ಬರುತ್ತಿದ್ದು, ದಿನವೂ ಲ್ಯಾಪ್‌ಟಾಪ್ ಹೊತ್ತು ತಿರುಗುವ ಕೆಲಸ ಇರುವವರಿಗೆ ಒಳಗಿನ ಸಿಮ್ ಹಿತವೇ. ಯಂತ್ರ 8 ಜಿಬಿ ರ‍್ಯಾಮಿನದಾಗಿರಬೇಕು, ಎಲ್ಲಾ ಕಂಪನಿಯ ಸಿಮ್ ಹಿಡಿಯಬೇಕು, ಎರಡು ವರ್ಷದ ಒಟ್ಟು ಮೊತ್ತ ಬಿಡಿಬಿಡಿಯಾಗಿ ಕೊಂಡದ್ದಕ್ಕಿಂತ ಹೆಚ್ಚಾಗಬಾರದು. ಹೊಸ ಸಿಮ್ಮನ್ನು 90 ದಿನ ಆಗುವವರೆಗೆ ಬೇರೆ ಕಂಪನಿಗೆ ಪೋರ್ಟ್ ಮಾಡಲಾಗದು ಎಂಬುದೂ ಗೊತ್ತಿರಲಿ. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಚುಕ್ತಾ ಆಗಿರಬೇಕು.

ಅಂಗಡಿಗೆ ಹೋದಾಗ ಬ್ಯಾಗು, ಮೌಸು ಉಚಿತ ಎಂಬುದಕ್ಕೆ ಮರುಳಾಗದೆ ವಾರಂಟಿಯನ್ನು ಕೇಳಿ. 'ಆನ್‌ಸೈಟ್' ಎಂದರೆ ಮೆಕ್ಯಾನಿಕ್ ಮನೆಗೆ ಬರಬೇಕು, 'ಕ್ಯಾರಿ-ಇನ್' ಎಂದರೆ ನೀವೇ ಹೊತ್ತೊಯ್ಯಬೇಕು. ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇದ್ದರೆ ಒಂದು ಕೀಬೋರ್ಡಿಗೆ ಎರಡು ಸಲ ಬಸ್ ಹತ್ತಬೇಕಾಗುತ್ತದೆ. ಆನ್‌ಸೈಟ್ ಎಂದು ಬರೆದಿದ್ದರೂ ನಿಮ್ಮ ಪಿನ್‌ಕೋಡಿಗೆ ಬರುತ್ತಾರೆಯೇ ಎಂದು ಕಂಪನಿಯ ಸಹಾಯವಾಣಿಗೆ ಅಂಗಡಿಯಿಂದಲೇ ಫೋನ್ ಮಾಡಿ ಕೇಳಿ. ಬಿಲ್ಲಿನಲ್ಲಿ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಬರೆಸಿ. ಟಾಸ್ಕ್ ಮ್ಯಾನೇಜರಿನ 'ಪರ್ಫಾರ್ಮೆನ್ಸ್' ಪುಟದಲ್ಲಿ ಬಿಲ್ಲಿನಲ್ಲಿದ್ದಷ್ಟೇ ರ‍್ಯಾಮ್ ತೋರಿಸುತ್ತದೆಯೇ ಎಂದು ಅಲ್ಲೇ ನೋಡಿ. ಹೇಳಿದ್ದೊಂದು ಕೊಟ್ಟದ್ದೊಂದು ಆದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದೊಳಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಆದರೆ ಬಿಲ್ಲು ಬೇಕು.